ಮಗ ಸ್ಪೆಷಲ್ ಟೀಮ್ಸ್ ಕೋಚ್ ಆಗ್ತೀನಿ ಅಂತಾನೆ, ಇದೂ ಒಂದು ಕೆಲ್ಸನಾ ಸರ್?

ಪ್ರಶ್ನೆ: ಸರ್ ನಮಸ್ತೆ, ನಾವು ಹಾಸನದ ಕಡೆಯವ್ರು, ಟೆಕ್ಸಾಸಿಗೆ ಬಂದು 18 ವರ್ಷ ಆಯ್ತು. ಮಗ ಮೊದ್ಲು ಸಾಕರ್ ಆಡ್ತಿದ್ದ, ಹೈಸ್ಕೂಲಲ್ಲಿ ಅಮೆರಿಕನ್ ಫುಟ್‌ಬಾಲ್ ಟೀಮಿನವ್ರು ಕರ್ದು ಕಿಕ್ಕರ್ ಮಾಡ್ಕೊಂಡ್ರು. ಈಗ ಕಾಲೇಜಿಗೆ ಹೋಗಿ ಮುಂದೆ ಸ್ಪೆಷಲ್ ಟೀಮ್ಸ್ ಕೋಚ್ ಆಗ್ತೀನಿ ಅಂತ ಹಠ ಹಿಡಿದಿದಾನೆ. ಬಾಲ್ ಒದಿಯೋದು ಹೇಳ್ಕೊಡೋಕೂ ಒಂದು ನೌಕರಿನಾ ಅಂತ ಅವರಪ್ಪ ಕೇಳ್ತಾರೆ, ನಂಗೂ ಅದೇ ಡೌಟು. ಇದ್ರಲ್ಲಿ ಜೀವನ ನಡಿಯತ್ತಾ?

ಉತ್ತರ: ನಡಿಯತ್ತೆ ಮೇಡಂ. ಆದ್ರೆ ನಿಮ್ಮ ಮಗ ಅಂದ್ಕೊಂಡಿರೋ ಕೆಲ್ಸ ಬೇರೆ, ಅಲ್ಲಿ ನಿಜವಾಗ್ಲೂ ಇರೋ ಕೆಲ್ಸ ಬೇರೆ. ಒದಿಯೋದು ಹೇಳ್ಕೊಡೋದು ಇದ್ರಲ್ಲಿ ಸಣ್ಣ ಭಾಗ ಅಷ್ಟೆ. ಜೀವನದಲ್ಲಿ ಒಂದು ಫೀಲ್ಡ್ ಗೋಲೂ (ಬಾಲನ್ನ ಎರಡು ಕಂಬಗಳ ಮಧ್ಯೆ ಒದ್ದು ಪಾಯಿಂಟ್ ತಗೊಳೋದು) ಹೊಡೀದೇ ಇರೋ ಸ್ಪೆಷಲ್ ಟೀಮ್ಸ್ ಕೋಚುಗಳು ಬೇಕಾದಷ್ಟು ಜನ ಇದಾರೆ, ಕಿಕ್ಕರ್ ಹುಡುಗ್ರು ಬೇಸಿಗೆ ರಜೆಲಿ ಪ್ರೈವೇಟ್ ಕೋಚ್ ಹತ್ರ ಕಲ್ತ್ಕೊಂಡು ಬರ್ತಾರೆ, ಪ್ರಾಕ್ಟೀಸಲ್ಲಿ ಅರ್ಧ ಹೊತ್ತು ಗ್ರೌಂಡಿನ ಒಂದು ಮೂಲೆಲಿ ತಾವೇ ಒದ್ಕೊಂಡಿರ್ತಾರೆ.

ಅವರಪ್ಪಂಗೆ ಹೀಗೆ ಹೇಳಿ. ಟೀಮಲ್ಲಿ ಅಟ್ಯಾಕ್ ಮಾಡೋ ಹನ್ನೊಂದು ಜನ ಬೇರೆ, ತಡಿಯೋ ಹನ್ನೊಂದು ಜನ ಬೇರೆ, ಇವ್ರಿಗೆಲ್ಲ ಪೊಸಿಷನ್‌ಗೊಬ್ಬ ಕೋಚ್ ಇರ್ತಾನೆ. ಬಾಲ್ ಒದಿಯೋ ಸಂದರ್ಭ ಬಂದಾಗ ಮಾತ್ರ ಇಳಿಯೋದು ಸ್ಪೆಷಲ್ ಟೀಮ್ಸು. ಕಿಕಾಫ್ (ಆಟ ಶುರು ಮಾಡೋ ಒದೆತ), ಕಿಕಾಫ್ ರಿಟರ್ನ್ (ಆ ಬಾಲನ್ನ ಹಿಡಿದು ವಾಪಸ್ ಓಡೋದು), ಪಂಟ್ (ಕೈಯಿಂದ ಬಿಟ್ಟು ದೂರ ಒದ್ದು ಬಾಲನ್ನ ಎದುರಿನವ್ರಿಗೆ ಒಪ್ಪಿಸೋದು), ಪಂಟ್ ರಿಟರ್ನ್, ಫೀಲ್ಡ್ ಗೋಲ್, ಅದನ್ನ ತಡಿಯೋದು, ಒಟ್ಟು ಆರು ಗುಂಪು. ಈ ಆರಕ್ಕೂ ಹುಡುಗ್ರು ಬೇಕು, ಆದ್ರೆ ಕಿಕ್ಕರ್, ಪಂಟರ್, ಲಾಂಗ್ ಸ್ನ್ಯಾಪರ್ (ಬಗ್ಗಿ ಕಾಲಸಂದಿಯಿಂದ ಬಾಲನ್ನ ಹಿಂದಕ್ಕೆ ಎಸೆಯೋನು, ಆ ಎಸೆತಕ್ಕೇ ಸ್ನ್ಯಾಪ್ ಅನ್ನೋದು) ಬಿಟ್ರೆ ಈ ಕೋಚಿಗೆ ಸ್ವಂತ ಅಂತ ಒಬ್ಬ ಆಟಗಾರನೂ ಇಲ್ಲ, ಉಳಿದವ್ರನ್ನೆಲ್ಲ ಬೇರೆ ಕೋಚುಗಳ ಹತ್ರ ಕೇಳಿ ತಗೋಬೇಕು. ನಮ್ಮ ಕಡೆ ನಾಟಿ ಟೈಮಲ್ಲಿ ಮುಯ್ಯಾಳಿಗೆ ಕರೀತಾರಲ್ಲ, ಹಂಗೆ. ಲೈನ್‌ಬ್ಯಾಕರ್ ಕೋಚ್ "ನನ್ನ ಒಳ್ಳೆ ಹುಡುಗನ್ನ ಕಿಕಾಫಿಗೆ ಓಡ್ಸಿ ಸುಸ್ತು ಮಾಡ್ಬೇಡ" ಅಂತಾನೆ, ಇನ್ನೊಬ್ಬ ಕಾಲು ನೋವು ಅಂತ ಹುಡುಗನ್ನ ಅಡಗಿಸ್ತಾನೆ, ಎಲ್ಲರ ಹತ್ರನೂ ನಗ್ತಾ ಮಾತಾಡಿ ಕೆಲ್ಸ ಸಾಧಿಸ್ಕೋಬೇಕು. ಇದು ಬರ್ದೇ ಇದ್ರೆ ಒದಿಯೋದ್ರಲ್ಲಿ ಪಿಎಚ್‌ಡಿ ಮಾಡಿದ್ರೂ ಪ್ರಯೋಜನ ಇಲ್ಲ.

ಇನ್ನೊಂದು, ಎಣಿಸೋಕೆ ಬರ್ಬೇಕು. ತಮಾಷೆ ಅಲ್ಲ. ನಾನು ಗ್ರಾಜುಯೇಟ್ ಅಸಿಸ್ಟೆಂಟ್ (ಮಾಸ್ಟರ್ಸ್ ಓದ್ತಾ ಕೋಚುಗಳಿಗೆ ಸಹಾಯ ಮಾಡೋನು) ಆಗಿದ್ದಾಗ ಮ್ಯಾಚ್ ದಿನ ನನ್ನ ಮುಖ್ಯ ಕೆಲ್ಸನೇ ಪಂಟ್ ಟೀಮ್ ಇಳ್ದಾಗ ತಲೆ ಎಣಿಸೋದು. ಒಂದಿನ ವಿಂಗಲ್ಲಿ (ಸಾಲಿನ ತುದೀಲಿ) ನಿಲ್ಲೋ ಹುಡುಗ ಹಿಂದಿನ ಪ್ಲೇನಲ್ಲಿ ಕಾಲು ಉಳುಕಿಸ್ಕೊಂಡು ಟ್ರೈನರ್ ಮುಂದೆ ಕೂತಿದ್ದ, ಅವನ ಬದ್ಲಿ ಹೋಗ್ಬೇಕಾದವ್ನು ಹೆಲ್ಮೆಟ್ ಕಂಕುಳಲ್ಲಿ ಇಟ್ಕೊಂಡು ನೀರು ಕುಡೀತಾ ನಿಂತಿದ್ದ. ಎಣಿಸ್ದೆ, ಹತ್ತು. ಕಣ್ಣು ಸರಿ ಇಲ್ವೇನೋ ಅಂತ ಮತ್ತೆ ಎಣಿಸ್ದೆ, ಹತ್ತೇ. ಬಾಯಿ ಬಿಡೋಷ್ಟರಲ್ಲಿ ಸ್ನ್ಯಾಪ್ ಆಗೋಯ್ತು, ಆ ಖಾಲಿ ಜಾಗದಿಂದ್ಲೇ ಒಬ್ಬ ನುಗ್ಗಿ ಬಂದು ಪಂಟ್ ಬ್ಲಾಕ್ ಮಾಡ್ದ. ಸ್ನ್ಯಾಪಾಗಿ ಕಾಲಿಗೆ ಬಾಲ್ ತಾಗೋವರೆಗೆ ಇರೋದೇ ಎರಡು ಸೆಕೆಂಡ್ ಆಸುಪಾಸು, ಫೀಲ್ಡ್ ಗೋಲಾದ್ರೆ 1.3 ಸೆಕೆಂಡ್. ಅದಕ್ಕೇ ಈ ಕೋಚುಗಳ ಕೈಲಿ ಯಾವಾಗ್ಲೂ ಸ್ಟಾಪ್‌ವಾಚ್ ಇರತ್ತೆ, ಎದುರು ಟೀಮಿನ ಪಂಟರ್ ವಾರ್ಮಪ್ ಮಾಡ್ತಿದ್ರೂ ಟೈಮ್ ಬರ್ಕೊಂಡಿರ್ತಾರೆ.

ಕೆಲ್ಸಕ್ಕೆ ದಾರಿ ಹೇಗೆ ಅಂದ್ರೆ, ಕಾಲೇಜಲ್ಲಿ ಓದ್ತಾ ಇರೋವಾಗ್ಲೇ ಸ್ಟೂಡೆಂಟ್ ಅಸಿಸ್ಟೆಂಟ್ ಆಗಿ ವಿಡಿಯೋ ಕತ್ತರಿಸೋದು, ಆಮೇಲೆ ಮಾಸ್ಟರ್ಸ್ ಮಾಡ್ತಾ ಗ್ರಾಜುಯೇಟ್ ಅಸಿಸ್ಟೆಂಟ್, ಅಲ್ಲಿಂದ ಚಿಕ್ಕ ಕಾಲೇಜಲ್ಲಿ ಕೋಚು ಇಲ್ಲಾ ದೊಡ್ಡ ಕಾಲೇಜಲ್ಲಿ ಅನಲಿಸ್ಟು (ವಿಡಿಯೋ ನೋಡಿ ಲೆಕ್ಕ ಹಾಕಿ ಕೋಚುಗಳಿಗೆ ಕೊಡೋನು). ಸಂಬಳ ಶುರುನಲ್ಲಿ ಏನೇನೂ ಇಲ್ಲ, ರಾತ್ರಿ ಹನ್ನೊಂದಕ್ಕೆ ಮನೆ ಸೇರೋದು ಮಾಮೂಲಿ. ಹೆಡ್ ಕೋಚಿನ ಕೆಲ್ಸ ಹೋದ್ರೆ ಅವನ ಜೊತೆ ಸಾಮಾನ್ಯವಾಗಿ ಎಲ್ಲರ ಕೆಲ್ಸನೂ ಹೋಗತ್ತೆ, ಮನೆ ಸಾಮಾನು ಲಾರಿಗೆ ಹಾಕ್ಕೊಂಡು ಇನ್ನೊಂದು ರಾಜ್ಯ. ಮದ್ವೆ ಆಗೋ ಹುಡುಗಿಗೆ ಇದನ್ನ ಮೊದ್ಲೇ ಹೇಳ್ಬೇಕು, ನಾನು ಹೇಳಿರ್ಲಿಲ್ಲ, ಇವತ್ತಿಗೂ ಮಾತು ಕೇಳ್ತೀನಿ.

ಕೆಲ್ಸಗಳು ಮೊದ್ಲಿಗಿಂತ ಹೆಚ್ಚಾಗಿವೆ ಅನ್ನೋದು ನಿಜ. ಮೊದ್ಲು ದೊಡ್ಡ ಕಾಲೇಜುಗಳಿಗೆ ಒಂಬತ್ತೇ ಅಸಿಸ್ಟೆಂಟ್ ಕೋಚು ಇಟ್ಕೋಬೇಕು ಅಂತ ರೂಲ್ ಇತ್ತು, ಆವಾಗ ಟೈಟ್ ಎಂಡ್ ಕೋಚೋ ರನ್ನಿಂಗ್ ಬ್ಯಾಕ್ ಕೋಚೋ ಜೊತೆಗೆ ಇದನ್ನೂ ನೋಡ್ಕೊಳ್ತಿದ್ದ. 2018ರ ಜನವರಿಯಿಂದ ಹತ್ತನೇ ಜಾಗ ಸಿಕ್ತು, ಸುಮಾರು ಕಾಲೇಜುಗಳು ಅದನ್ನ ಸ್ಪೆಷಲ್ ಟೀಮ್ಸಿಗೇ ಕೊಟ್ವು. 2024ರಲ್ಲಿ ಗ್ರೌಂಡಲ್ಲಿ ನಿಂತು ಹೇಳ್ಕೊಡೋರು ಇಷ್ಟೇ ಜನ ಇರ್ಬೇಕು ಅನ್ನೋ ಮಿತಿನೇ ತೆಗ್ದಾಕಿದ್ರು, ಹಂಗಾಗಿ ಅನಲಿಸ್ಟು ಈಗ ಬಾಯಿ ಮುಚ್ಕೊಂಡು ನಿಲ್ಬೇಕಾಗಿಲ್ಲ. ಆದ್ರೂ ನನ್ನ ಸಲಹೆ, ಇನ್ನೊಂದು ಪೊಸಿಷನ್ ಕಲೀಲೇಬೇಕು. ಬರೀ ಕಿಕ್ಕರ್ ಗೊತ್ತಿರೋನಿಗಿಂತ ಟೈಟ್ ಎಂಡ್ಸೂ ನೋಡ್ಕೋಬಲ್ಲೆ ಅನ್ನೋನಿಗೆ ಮೊದ್ಲು ಫೋನ್ ಬರತ್ತೆ, ಚಿಕ್ಕ ಕಾಲೇಜಲ್ಲಂತೂ ಒಬ್ಬನೇ ಎರಡು ಮೂರು ಕೆಲ್ಸ ಮಾಡ್ಬೇಕು.

ಮುಂದೆ ಬೆಳಿಯೋ ದಾರಿ ಇಲ್ವಾ ಅಂದ್ರೆ ಜಾನ್ ಹಾರ್ಬಾ ಕಥೆ ನೋಡಿ. 1984ರಲ್ಲಿ ವೆಸ್ಟರ್ನ್ ಮಿಷಿಗನ್ ಕಾಲೇಜಲ್ಲಿ ಅಪ್ಪನ ಕೈಕೆಳಗೇ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಶುರು ಮಾಡಿದವ್ರು, ಸಿನ್ಸಿನಾಟಿಲಿ ಎಂಟು ಸೀಸನ್, ಇಂಡಿಯಾನಾದಲ್ಲಿ ಒಂದು, ಆಮೇಲೆ ಪ್ರೊಫೆಷನಲ್ ಟೀಮು ಫಿಲಡೆಲ್ಫಿಯಾ ಈಗಲ್ಸಲ್ಲಿ ಒಂಬತ್ತು ಸೀಸನ್ ಸ್ಪೆಷಲ್ ಟೀಮ್ಸ್ ನೋಡ್ಕೊಂಡ್ರು. 2008ರಲ್ಲಿ ಬಾಲ್ಟಿಮೋರ್ ರೇವನ್ಸ್ ಅವ್ರನ್ನ ಹೆಡ್ ಕೋಚ್ ಮಾಡಿದಾಗ ಯಾರಿದು ಅಂತ ಕೇಳಿದವ್ರೇ ಜಾಸ್ತಿ. 2013ರ ಫೆಬ್ರವರಿಲಿ ಸೂಪರ್ ಬೌಲಲ್ಲಿ (ಪ್ರೊಫೆಷನಲ್ ಲೀಗಿನ ಫೈನಲ್) ಎದುರು ಟೀಮಿಗೆ ಕೋಚ್ ಅವ್ರ ಸ್ವಂತ ತಮ್ಮ ಜಿಮ್, 34-31ಕ್ಕೆ ಅಣ್ಣ ಗೆದ್ರು. ಆ ಮ್ಯಾಚಲ್ಲಿ ಸೆಕೆಂಡ್ ಹಾಫ್ ಶುರುವಾಗಿದ್ದೇ ಅಣ್ಣನ ಟೀಮಿನ ಜಕೋಬಿ ಜೋನ್ಸ್ 108 ಗಜ ಓಡಿದ ಕಿಕಾಫ್ ರಿಟರ್ನಿಂದ! ಹಳೇ ಸ್ಪೆಷಲ್ ಟೀಮ್ಸ್ ಕೋಚಿಗೆ ಇದಕ್ಕಿಂತ ಬೇಕಾ. ಎಲ್ಲರ ಹುಡುಗ್ರನ್ನೂ ಸಾಲ ತಗೊಂಡು ಕೆಲ್ಸ ಮಾಡೋದ್ರಿಂದ ಇಡೀ ಟೀಮಿನ ಪ್ರತಿಯೊಬ್ಬನ ಹೆಸ್ರು, ಸ್ವಭಾವ, ಯಾರು ಯಾವಾಗ ಮುನಿಸ್ಕೋತಾನೆ ಅನ್ನೋದು ಈ ಕೋಚಿಗೆ ಗೊತ್ತಿರತ್ತೆ, ಹೆಡ್ ಕೋಚಿಗೆ ಬೇಕಾಗಿರೋದೂ ಅದೇ ತಾನೇ.

ಪ್ರಶ್ನೆ: ಯೂಟ್ಯೂಬಲ್ಲಿ ಕಡೇ ಸೆಕೆಂಡಲ್ಲಿ ಪಂಟ್ ಕೈಜಾರಿ ಸೋತ ಒಂದು ಮ್ಯಾಚ್ ನೋಡ್ದೆ. ಅಂಥದ್ರಲ್ಲಿ ಬೈಸ್ಕೊಳ್ಳೋದು ಹುಡುಗನೋ ಕೋಚೋ? (ಮಂಡ್ಯದಿಂದ ಒಬ್ಬ ಓದುಗರು)

ಉತ್ತರ: 2015ರ ಅಕ್ಟೋಬರ್ 17ರ ಮ್ಯಾಚೇ ಇರ್ಬೇಕು, ಮಿಷಿಗನ್ ಮತ್ತೆ ಮಿಷಿಗನ್ ಸ್ಟೇಟ್ ಕಾಲೇಜುಗಳದ್ದು. ಮಿಷಿಗನ್ 23-21 ಮುಂದೆ, ಉಳಿದಿದ್ದು ಹತ್ತೇ ಸೆಕೆಂಡು, ಪಂಟ್ ಮಾಡಿದ್ರೆ ಮುಗೀತು. ಸ್ನ್ಯಾಪ್ ಕೆಳಗೆ ಬಂತು, ಪಂಟರ್ ಕೈಲಿ ನಿಲ್ಲಲಿಲ್ಲ, ಎದುರಿನವ್ನಿಗೆ ಸಿಕ್ತು, ಅವ್ನು ಬಾಲ್ ಹಿಡ್ಕೊಂಡು ಕೊನೆ ಗೆರೆ ದಾಟೋವರೆಗೆ ಓಡಿ ಟಚ್‌ಡೌನ್ ಮಾಡ್ದ, 27-23. ಟಿವಿ ಮುಂದಿದ್ದೋರು ಹುಡುಗನ್ನ ಬೈದ್ರು. ನಾವು ಕೋಚಿಂಗಲ್ಲಿರೋರು ನೋಡೋದು ಬೇರೆ. ಮಿಷಿಗನ್ ಸ್ಟೇಟಿನವ್ರು ಪಂಟ್ ಹಿಡಿಯೋಕೆ ಅಂತ ಹಿಂದೆ ಯಾರನ್ನೂ ನಿಲ್ಲಿಸಿರ್ಲಿಲ್ಲ, ಎಲ್ಲರನ್ನೂ ನುಗ್ಗೋಕೆ ತಂದಿದ್ರು. ಹಿಡಿಯೋನೇ ಇಲ್ಲ ಅಂದ್ಮೇಲೆ ಓಡಿ ಹೋಗಿ ಬೀಳಿಸೋದು ಯಾರನ್ನ, ಮಿಷಿಗನ್‌ನವ್ರು ತಮ್ಮೋರನ್ನೆಲ್ಲ ಒಳಗೆ ಕರ್ದು ಪಂಟರ್ ಮುಂದೆ ಗೋಡೆ ಕಟ್ಬೇಕಿತ್ತು. ಇದು ಹುಡುಗನ ಕೈ ಜಾರೋಕೆ ಮುಂಚೆ ಯೋಚ್ನೆ ಮಾಡೋ ವಿಷ್ಯ, ಅದು ಕೋಚುಗಳ ಪಾಲಿನದು. ಅಂದಹಾಗೆ ಅವತ್ತು ಮಿಷಿಗನ್ ಹೆಡ್ ಕೋಚ್ ಯಾರು ಗೊತ್ತಾ, ಮೇಲೆ ಹೇಳಿದ್ನಲ್ಲ ಅದೇ ತಮ್ಮ, ಜಿಮ್ ಹಾರ್ಬಾ.

ಪ್ರಶ್ನೆ: ನಮ್ಮ ಅಕ್ಕನ ಮಗ ಮಂಗಳೂರಲ್ಲಿ ಗೋಲ್ ಕೀಪರ್, ಬಾಲ್ ಸಿಕ್ಕಾಪಟ್ಟೆ ದೂರ ಒದೀತಾನೆ. ಇಲ್ಲಿಂದ ಅಮೆರಿಕಕ್ಕೆ ಹೋಗಿ ಈ ಫೀಲ್ಡಿಗೆ ಸೇರ್ಬಹುದಾ?

ಉತ್ತರ: ನೇರವಾಗಿ ಕೋಚ್ ಆಗೋದು ಮರೀರಿ. ಆಟಗಾರ ಆಗಿ ಹೋಗೋಕೆ ಆಸ್ಟ್ರೇಲಿಯಾದವ್ರು ಒಂದು ದಾರಿ ಮಾಡಿದಾರೆ. ಮೆಲ್ಬರ್ನ್‌ನಲ್ಲಿ ಪ್ರೋಕಿಕ್ ಆಸ್ಟ್ರೇಲಿಯಾ ಅಂತ 2007ರಿಂದ ಇದೆ, ಅಲ್ಲಿನ ಫುಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ಆಡೋ ಹುಡುಗ್ರನ್ನ ತಯಾರು ಮಾಡಿ ಅಮೆರಿಕದ ಕಾಲೇಜಿಗೆ ಕಳಿಸ್ತಾರೆ. ವರ್ಷದ ಬೆಸ್ಟ್ ಪಂಟರ್‌ಗೆ ಕೊಡೋ ರೇ ಗೈ ಅವಾರ್ಡು 2013ರಿಂದ 2017ರವರೆಗೆ ಐದು ವರ್ಷನೂ ಆಸ್ಟ್ರೇಲಿಯಾದವ್ರಿಗೇ ಹೋಯ್ತು. ಯಾಕಂದ್ರೆ ಕಾಲೇಜ್ ರೂಲಲ್ಲಿ ಸ್ನ್ಯಾಪ್ ಆದ ತಕ್ಷಣ ಪಂಟ್ ಟೀಮಿನವ್ರೆಲ್ಲ ಮುಂದೆ ಓಡ್ಬಹುದು, ಪಂಟರ್ ಪಕ್ಕಕ್ಕೆ ಓಡ್ತಾ ಟೈಮ್ ತಗೊಂಡು ಒದ್ರೆ ಅಷ್ಟರಲ್ಲಿ ಇವ್ರು ತಲುಪಿರ್ತಾರೆ, ಓಡ್ತಾ ಒದಿಯೋದು ಫುಟಿ ಹುಡುಗ್ರಿಗೆ ಹುಟ್ಟಿನಿಂದ ಅಭ್ಯಾಸ. ಗೋಲ್ ಕೀಪರ್‌ಗೆ ಕೈಯಿಂದ ಬಿಟ್ಟು ಒದಿಯೋದು ಗೊತ್ತು, ಒಳ್ಳೇದೇ, ಆದ್ರೆ ಈ ಬಾಲ್ ಮೊಟ್ಟೆ ತರ ಇರತ್ತೆ. ಮೊದ್ಲು ಒಂದು ಅಮೆರಿಕನ್ ಫುಟ್‌ಬಾಲ್ ತರಿಸ್ಕೊಡಿ, ಒದ್ದಾಗ ಎಷ್ಟು ಹೊತ್ತು ಗಾಳಿಲಿ ನಿಲ್ಲತ್ತೆ ಅಂತ ಫೋನಲ್ಲಿ ಟೈಮ್ ನೋಡ್ಲಿ, ಪ್ರತೀ ಸಲ ನಾಲ್ಕು ಸೆಕೆಂಡ್ ದಾಟಿ 45 ಗಜದ ಹತ್ರ ಹೋಗ್ತಿದ್ರೆ ವಿಡಿಯೋ ಕಳ್ಸಿ, ನೋಡ್ತೀನಿ.