ಕ್ರೋಮ್‌ನಲ್ಲಿ ಸರಿಯಿರುವ ಪುಟ ಐಫೋನ್‌ನಲ್ಲಿ ಯಾಕೆ ಕೆಡುತ್ತದೆ?

ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಲಾಗಿನ್ ಪುಟ ಸರಿಯಾಗಿದೆ, ಐಫೋನ್‌ನಲ್ಲಿ ಕೆಳಗಿನ ಬಟನ್ ಕಾಣಿಸುತ್ತಿಲ್ಲ, ಮೊಬೈಲಿಗೆ ಬೇರೆ ಸೈಟೇ ಮಾಡಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಎರಡು ಸೈಟ್ ಇಟ್ಟುಕೊಂಡರೆ ಪ್ರತಿ ಬದಲಾವಣೆಯನ್ನೂ ಎರಡು ಕಡೆ ಮಾಡಬೇಕು, ಒಂದು ಕಡೆ ಬಿಟ್ಟುಹೋಗೇ ಹೋಗುತ್ತದೆ. 2010ರಲ್ಲಿ ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್, ಒಂದೇ ಪುಟ ಪರದೆಯ ಅಗಲಕ್ಕೆ ತಾನೇ ಹೊಂದಿಕೊಳ್ಳುವ ವಿಧಾನಕ್ಕೆ ರೆಸ್ಪಾನ್ಸಿವ್ ವೆಬ್ ಡಿಸೈನ್ ಅಂತ ಹೆಸರಿಟ್ಟು ಬರೆದ ಮೇಲೆ ಆ ದಾರಿ ಹಿಡಿಯುವ ಅಗತ್ಯವೇ ಕಡಿಮೆಯಾಯಿತು.

ಮೊದಲು ನಿಮ್ಮ ಬಟನ್. ಪುಟ ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್‌ಎಸ್‌ನಲ್ಲಿ ಪುಟದ ಎತ್ತರಕ್ಕೆ 100ವಿಎಚ್ (100vh), ಅಂದರೆ ಪರದೆಯ ಪೂರ್ತಿ ಎತ್ತರ, ಅಂತ ಕೊಟ್ಟಿರಬೇಕು, ನೋಡಿ. ಫೋನಿನ ಸಫಾರಿ ಇದನ್ನು ಅಡ್ರೆಸ್ ಬಾರ್ ಕುಗ್ಗಿದಾಗ ಸಿಗುವ ದೊಡ್ಡ ಎತ್ತರ ಅಂತ ಲೆಕ್ಕ ಹಾಕುತ್ತದೆ. ಪುಟ ತೆರೆದ ಕೂಡಲೇ ಬಾರ್ ಪೂರ್ತಿ ಇರುತ್ತದೆ ಅಲ್ವಾ, ಅಷ್ಟು ಭಾಗ ಪರದೆಯ ಕೆಳಗೆ ಹೋಗುತ್ತದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲೂ ಇದೇ ಕಥೆ. ಆ ಸಾಲನ್ನು ಅಳಿಸಬೇಡಿ. ಅದರ ಕೆಳಗೇ ಇನ್ನೊಂದು ಸಾಲು ಸೇರಿಸಿ 100ಡಿವಿಎಚ್ (100dvh), ಅಂದರೆ ಆ ಕ್ಷಣಕ್ಕೆ ನಿಜವಾಗಿ ಕಾಣುವ ಎತ್ತರ, ಅಂತ ಬರೆಯಿರಿ. 2022ರಿಂದ ಮುಖ್ಯ ಬ್ರೌಸರ್‌ಗಳೆಲ್ಲ ಇದನ್ನು ಓದುತ್ತವೆ. ಹಳೆಯದಕ್ಕೆ ಅರ್ಥವಾಗದಿದ್ದರೆ ಸುಮ್ನೆ ಬಿಟ್ಟು ಮೇಲಿನ ಸಾಲನ್ನೇ ಹಿಡಿಯುತ್ತದೆ. ಎರಡು ಸಾಲಿನಲ್ಲೂ ಹೈಟ್ (height) ಬದಲು ಕನಿಷ್ಠ ಎತ್ತರ ಹೇಳುವ ಮಿನ್-ಹೈಟ್ (min-height) ಬಳಸಿ, ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಪುಟ ಬೆಳೆಯಲು ಜಾಗ ಇರುತ್ತದೆ.

ಸಿಎಸ್‌ಎಸ್‌ನ ಈ ಗುಣವನ್ನು ನಂಬಿ ಕೆಲಸ ಮಾಡಿ ಅನ್ನುವುದೇ ನನ್ನ ಮುಖ್ಯ ಮಾತು. ಗೊತ್ತಿಲ್ಲದ ಸಾಲನ್ನು ಅದು ಬಿಟ್ಟು ಮುಂದೆ ಹೋಗುತ್ತದೆ, ಹಾಗಾಗಿ ಎಲ್ಲರಿಗೂ ನಡೆಯುವುದನ್ನು ಮೊದಲು ಬರೆದು ಹೊಸದನ್ನು ಅದರ ಕೆಳಗೆ ಸೇರಿಸುತ್ತಾ ಹೋಗಬಹುದು. ಜಾವಾಸ್ಕ್ರಿಪ್ಟ್ ಹಾಗಲ್ಲ. ಅದರಲ್ಲಿ ?. ಅಂತ ಬರೆಯುವ ಆಪ್ಷನಲ್ ಚೈನಿಂಗ್ ಅನ್ನುವ ಹೊಸ ಬರವಣಿಗೆ ಗೊತ್ತಿಲ್ಲದ ಬ್ರೌಸರ್‌ಗೆ ಅದು ಒಂದೇ ಒಂದು ಕಡೆ ಎದುರಾದರೂ ಸಾಕು, ಆ ಇಡೀ ಫೈಲ್ ಓಡುವುದೇ ಇಲ್ಲ. ಅದಕ್ಕೇ ಲಾಗಿನ್‌ನಂಥ ಫಾರ್ಮ್ ಬರೀ ಎಚ್‌ಟಿಎಂಎಲ್‌ನಲ್ಲೇ ಸಬ್‌ಮಿಟ್ ಆಗುವಂತಿರಲಿ. ಎಲ್ಲ ಕಡೆ ಒಂದೇ ಥರ ಕಾಣಬೇಕು ಅಂತ ಹಟ ಹಿಡಿಯಬೇಡಿ. ಕೆಲಸ ಆಗಬೇಕು, ಅಷ್ಟೇ.

ಪುಟವನ್ನು ಎಷ್ಟು ಅಗಲಕ್ಕೆ ಜೋಡಿಸಬೇಕು ಅಂತ ಬ್ರೌಸರ್‌ಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ನಿಮ್ಮ ಎಚ್‌ಟಿಎಂಎಲ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಐಫೋನ್ ನಿಮ್ಮ ಪುಟವನ್ನು 980 ಪಿಕ್ಸೆಲ್ ಅಗಲದ್ದು ಅಂದುಕೊಂಡು ಕುಗ್ಗಿಸಿ ತೋರಿಸುತ್ತದೆ, ಪರದೆಯ ಅಗಲ ನೋಡಿ ರೂಪ ಬದಲಿಸುವ ಮೀಡಿಯಾ ಕ್ವೆರಿ ಎಷ್ಟು ಬರೆದರೂ ಪ್ರಯೋಜನವಿಲ್ಲ. ಇನ್‌ಪುಟ್‌ನ ಅಕ್ಷರ 16 ಪಿಕ್ಸೆಲ್‌ಗಿಂತ ಸಣ್ಣದಿದ್ದರೆ, ಮುಟ್ಟಿದ ಕೂಡಲೇ ಸಫಾರಿ ಪುಟವನ್ನು ಝೂಮ್ ಮಾಡುತ್ತದೆ. ಬ್ರೇಕ್‌ಪಾಯಿಂಟ್‌ಗೆ, ಅಂದರೆ ಪುಟದ ಜೋಡಣೆ ಬದಲಾಗುವ ಅಗಲಕ್ಕೆ, ಫೋನ್ ಮಾಡೆಲ್ ಲೆಕ್ಕ ಬೇಡ, ಕಿಟಕಿಯನ್ನು ಎಳೆದು ಸಣ್ಣದು ಮಾಡುತ್ತಾ ಎಲ್ಲಿ ಇಕ್ಕಟ್ಟಾಗುತ್ತದೋ ಅಲ್ಲಿ ಹಾಕಿ. ಬ್ರೌಸರ್ ತನ್ನ ಬಗ್ಗೆ ಕಳಿಸುವ ಯೂಸರ್ ಏಜೆಂಟ್ ಅನ್ನುವ ಗುರುತಿನ ಸಾಲು ನೋಡಿ ಇದು ಯಾವ ಸಾಧನ ಅಂತ ಊಹಿಸುವುದೂ ಬೇಡ. 2019ರ ಐಪ್ಯಾಡ್‌ಓಎಸ್ 13ರಿಂದ ಐಪ್ಯಾಡಿನ ಸಫಾರಿ ಸಾಮಾನ್ಯವಾಗಿ ತನ್ನನ್ನು ಮ್ಯಾಕ್ ಅಂತಲೇ ಹೇಳಿಕೊಳ್ಳುತ್ತದೆ.

ಪರೀಕ್ಷೆ ಮಾಡುವಾಗ, ಕಂಪ್ಯೂಟರಿನಲ್ಲೇ ಫೋನಿನ ಪರದೆಯನ್ನು ಅನುಕರಿಸುವ ಕ್ರೋಮ್‌ನ ಡಿವೈಸ್ ಮೋಡ್ ಒಂದನ್ನೇ ನಂಬಬೇಡಿ. ಅದರಲ್ಲಿ ಐಫೋನ್ ಅಂತ ಆರಿಸಿದರೂ ಒಳಗೆ ಓಡುವುದು, ಅಂದರೆ ಪುಟವನ್ನು ಓದಿ ಬಿಡಿಸುವುದು, ಕ್ರೋಮ್‌ನ ಬ್ಲಿಂಕ್ ಎಂಜಿನ್ನೇ. ಇನ್ನು ಐಫೋನಿನ ಕ್ರೋಮ್ ಹೆಸರಿಗೆ ಮಾತ್ರ ಕ್ರೋಮ್, ಅದರೊಳಗಿರುವುದು ಸಫಾರಿಯದೇ ವೆಬ್‌ಕಿಟ್. ಹಾಗಾಗಿ ಒಂದು ನಿಜವಾದ ಐಫೋನ್, ಒಂದು ಹಳೆಯ ಆಂಡ್ರಾಯ್ಡ್ ಫೋನ್, ಕಂಪ್ಯೂಟರಿನಲ್ಲಿ ಒಂದು ಫೈರ್‌ಫಾಕ್ಸ್, ಇಷ್ಟರಲ್ಲಿ ನೋಡಿದರೆ ವೆಬ್‌ಕಿಟ್, ಬ್ಲಿಂಕ್, ಫೈರ್‌ಫಾಕ್ಸಿನ ಗೆಕೋ, ಈ ಮೂರೂ ಮುಖ್ಯ ಎಂಜಿನ್ ಮುಟ್ಟಿದಂತಾಗುತ್ತದೆ. ಹೇಗೂ ನೋಡುತ್ತೀರಲ್ಲ, ಪುಟವನ್ನು 200% ಝೂಮ್ ಮಾಡಿ ಬರೀ ಟ್ಯಾಬ್ ಕೀಯಿಂದ ಬಟನ್‌ವರೆಗೆ ಹೋಗಲು ಆಗುತ್ತದೆಯಾ ಅಂತಲೂ ನೋಡಿಬಿಡಿ.