ಮೊಯಾಮೊಯಾ ಕಾಯಿಲೆಯಿರುವ ಮಗು ಜೋರಾಗಿ ಅತ್ತಾಗ ಒಂದು ಕೈ ಸೋಲುವುದೇಕೆ?

ಬಿಕ್ಕಿ ಬಿಕ್ಕಿ ಅಳುವಾಗ ಉಸಿರಾಟ ವೇಗಗೊಂಡು ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದಾಗ ಮಿದುಳಿನ ರಕ್ತನಾಳಗಳು ಕುಗ್ಗುವುದರಿಂದ, ಕಾಯಿಲೆಯಿಂದಾಗಿ ಮೊದಲೇ ರಕ್ತದ ಕೊರತೆಯಿಂದ ಅರೆಹೊಟ್ಟೆಯಲ್ಲಿರುವ ಮಿದುಳಿನ ಭಾಗಕ್ಕೆ ರಕ್ತ ಸಾಲದೆ ಕೈ ಸೋಲುತ್ತದೆ, ಮಾತು ತೊದಲುತ್ತದೆ. ಬಿಸಿ ಗಂಜಿಯನ್ನು ಊದಿ ಊದಿ ಆರಿಸುವಾಗಲೂ ಹೀಗಾಗಬಹುದು.

ಈ ಕಾಯಿಲೆಯಲ್ಲಿ ಕತ್ತಿನಿಂದ ಮೇಲೇರುವ ಮುಖ್ಯ ಅಪಧಮನಿಗಳು ಮಿದುಳಿನ ಬುಡದಲ್ಲಿ ಕ್ರಮೇಣ ಕಿರಿದಾಗುತ್ತ ಹೋಗುತ್ತವೆ. ಕೊರತೆ ತುಂಬಲು ಬೆಳೆಯುವ ಎಳೆನಾಳಗಳ ಜಾಲ ಆಂಜಿಯೋಗ್ರಾಮಿನಲ್ಲಿ (ರಕ್ತನಾಳಗಳ ಎಕ್ಸ್‌ರೇ ಚಿತ್ರದಲ್ಲಿ) ಹೊಗೆಯಂತೆ ಕಾಣುವುದರಿಂದ 1969ರಲ್ಲಿ ಜಪಾನಿನ ವೈದ್ಯರು ‘ಮೊಯಾಮೊಯಾ’ (ಹೊಗೆಯಂತೆ ಮಸುಕಾದದ್ದು) ಎಂಬ ಈ ಹೆಸರಿಟ್ಟರು. ಆ ದುರ್ಬಲ ಎಳೆನಾಳಗಳು ಒಡೆದು ರಕ್ತಸ್ರಾವವಾಗುವುದು ವಯಸ್ಕರಲ್ಲಿ ಹೆಚ್ಚು.

ಕಿರಿದಾದ ನಾಳವನ್ನು ಮೊದಲಿನಂತಾಗಿಸುವ ಔಷಧಿಯಿಲ್ಲ. ತಲೆಯ ಚರ್ಮದ ಅಪಧಮನಿಯನ್ನು ಮಿದುಳಿನ ನಾಳಕ್ಕೆ ಜೋಡಿಸುವ ಅಥವಾ ಮಿದುಳಿನ ಮೇಲೆ ಹಾಸಿಡುವ ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ. ಕೆಲವೇ ನಿಮಿಷಗಳಲ್ಲಿ ಕೈ ಸರಿಹೋಯಿತೆಂದು ದಯವಿಟ್ಟು ಸುಮ್ಮನಾಗಬೇಡಿ, ಅದು ಪಾರ್ಶ್ವವಾಯುವಿನ ಮುನ್ಸೂಚನೆ.