ವಯಸ್ಸಾದಂತೆ ದಿನಸಿ, ಕುರುಕಲು ತಿಂಡಿ ಸಪ್ಪೆ ಎನಿಸುವುದೇಕೆ? ಹಳೇ ಖುಷಿ ಮರಳಿ ಬರುತ್ತದೆಯೇ?

ಸ್ವಲ್ಪ ಮಟ್ಟಿಗೆ ಬರುತ್ತದೆ. ಮಂಕಾಗುವುದು ನಾಲಿಗೆಗಿಂತ ಹೆಚ್ಚಾಗಿ ಮೂಗು, 60 ದಾಟಿದ ಮೇಲಂತೂ ಇನ್ನೂ ಜಾಸ್ತಿ. ಮೂಗು ಹಿಡಿದು ಒಂದು ಹೋಳು ಸೇಬು ಅಗಿಯಿರಿ: ಬರೀ ಸಿಹಿ, ಹುಳಿ. ಬೆರಳು ತೆಗೆದ ಕ್ಷಣ ಅದು ಸೇಬಾಗುತ್ತದೆ.

ಹಾಗಾಗಿ ಉಪ್ಪು ಸುರಿದು ಪ್ರಯೋಜನವಿಲ್ಲ. ಪರಿಮಳ, ಗರಿಗರಿ ಎರಡನ್ನು ಹಿಡಿಯಿರಿ. ಮಸಾಲೆ ಪುಡಿ ಬಿಟ್ಟು ಇಡೀ ಕಾಳು ತನ್ನಿ. ಬೇಕೆನಿಸಿದಾಗ ಒಂದು ಚಮಚ ಹುರಿದು ಕುಟ್ಟಿ. ಮೆತ್ತಗಾದ ಬಿಸ್ಕತ್ತನ್ನು 150 ಡಿಗ್ರಿ ಓವನ್‌ನಲ್ಲಿ 5 ನಿಮಿಷ ಇಟ್ಟು, ಪೂರ್ತಿ ಆರಿದ ಮೇಲೇ ಡಬ್ಬಿಗೆ ಹಾಕಿ. ಬಿಸಿಯಲ್ಲೇ ಮುಚ್ಚಿದರೆ ಆವಿ ಕೂತು ಮತ್ತೆ ಅದೇ ಕಥೆ. ದೊಡ್ಡ ಪ್ಯಾಕೆಟ್ ಬೇಡ, ಒಂದೇ ರುಚಿ ಬೇಗ ಬೇಸರ ತರಿಸುತ್ತದೆ. ವಾರಕ್ಕೊಂದು ಹೊಸ ಚಿಕ್ಕ ಪೊಟ್ಟಣ ಸಾಕು.

ರುಚಿ ದಿಢೀರನೆ ಹೋಗಿದ್ದರೆ ವೈದ್ಯರಿಗೆ ತೋರಿಸಿ. ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ.